ನೀಶ್ ಮಾರ್ಕೆಟ್ ಹುಡುಕೋದು ಹೇಗೆ? ಕಡಕ್ ರೊಟ್ಟಿ ಇಟ್ಕೊಂಡೇ ಹೇಳ್ತೀನಿ

ಸ್ವಂತ ಬಿಸಿನೆಸ್ ಮಾಡ್ಬೇಕು ಅಂತಿರೋರನ್ನ ಕೇಳಿ ನೋಡಿ, ಮುಕ್ಕಾಲು ಪಾಲು ಜನ "ಯಾರೂ ಮಾಡ್ದೇ ಇರೋ ಐಡಿಯಾ ಹುಡುಕ್ತಾ ಇದೀನಿ" ಅಂತಾರೆ, ಹಂಗೇ ಹುಡುಕ್ತಾ ಹುಡುಕ್ತಾ ವರ್ಷಗಟ್ಲೆ ಕಳೆದುಬಿಡ್ತಾರೆ. ಯಾರೂ ಮಾಡ್ತಿಲ್ಲ ಅಂದ್ರೆ ಒಂದೋ ಅದು ಯಾರಿಗೂ ಬೇಕಾಗಿಲ್ಲ, ಇಲ್ಲಾ ನಿಮಗಿಂತ ಮುಂಚೆ ಯಾರೋ ಮಾಡಿ ಕೈ ಸುಟ್ಕೊಂಡು ಸುಮ್ನಾಗಿದಾರೆ, ಬಹಳ ಸಲ ಕಥೆ ಇಷ್ಟೇ. ನೀಶ್ ಅಂದ್ರೆ ದೊಡ್ಡ ಮಾರ್ಕೆಟ್ ಒಳಗಿನ ಒಂದು ಸಣ್ಣ ತುಂಡು, ಅದನ್ನ ಹುಡುಕೋದು ಅಂದ್ರೆ ಮೊದಲು ಜನಾನ ಹುಡುಕೋದು. ಒಂದೇ ತರದ ಕಿರಿಕಿರಿ ಇರೋ, ಅದಕ್ಕೆ ಈಗಾಗ್ಲೇ ದುಡ್ಡೋ ಟೈಮೋ ಸುರೀತಿರೋ, ನೀವು ಹೋಗಿ ಮಾತಾಡ್ಸೋಕೆ ಆಗೋ ಅಂಥ ಒಂದು ಗುಂಪು. ಮಾರೋ ವಸ್ತು ಹಳೇದಾದ್ರೂ ಏನೂ ತೊಂದ್ರೆ ಇಲ್ಲ.

ದೋಸೆ ಹಿಟ್ಟಿಗಿಂತ ಹಳೇದು ಏನಿದೆ ಹೇಳಿ? ಬೆಂಗಳೂರಲ್ಲಿ 2005ರಲ್ಲಿ ಪಿ.ಸಿ. ಮುಸ್ತಫಾ ಮತ್ತೆ ಅವರ ಕಸಿನ್ಸ್ ಐಡಿ ಅನ್ನೋ ಹಿಟ್ಟಿನ ಕಂಪನಿ ಶುರು ಮಾಡಿದಾಗ ಹಿಟ್ಟು ಅಂಗಡೀಲಿ ಸಿಗ್ತಾನೇ ಇತ್ತು, ಪ್ಲಾಸ್ಟಿಕ್ ಕವರಿಗೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿ ಕೊಡ್ತಿದ್ರು. ಹಿಟ್ಟು ಕೊಳ್ಳೋರು ಇದ್ರು, ಆದ್ರೆ ಯಾವಾಗ ರುಬ್ಬಿದ್ದೋ ಯಾವ ನೀರೋ ಅನ್ನೋ ಅನುಮಾನಾನೂ ಜೊತೆಗೇ ಇತ್ತು. ಅವರು ಹಿಡಿದಿದ್ದು ಆ ಅನುಮಾನಾನ.

ಈಗ ಜೋಳದ ರೊಟ್ಟಿಗೆ ಬರೋಣ. ಬೆಂಗಳೂರಲ್ಲಿ ಖಾನಾವಳಿಗಳಿವೆ, ಕಾಂಡಿಮೆಂಟ್ಸ್ ಅಂಗಡೀಲಿ ಕಡಕ್ ರೊಟ್ಟಿ ಪ್ಯಾಕೆಟ್ ನೇತಾಡ್ತಿರುತ್ತೆ, ಆನ್‌ಲೈನಲ್ಲೂ ಬರುತ್ತೆ, ನೋಡಿದ ತಕ್ಷಣ "ಅಯ್ಯೋ ಕಾಂಪಿಟಿಷನ್ ಜಾಸ್ತಿ ಬಿಡ್ರಿ" ಅನ್ಸುತ್ತೆ. "ಬೆಂಗಳೂರಲ್ಲಿರೋ ಉತ್ತರ ಕರ್ನಾಟಕದೋರು ನನ್ನ ಕಸ್ಟಮರ್ಸ್" ಅಂತ ಬರ್ಕೊಂಡ್ರೆ ಅದು ನೀಶೇ ಅಲ್ಲ, ಅಷ್ಟು ಜನಕ್ಕೆ ನೀವು ಎಲ್ಲಿ ಅಂತ ಹೋಗಿ ಹೇಳ್ತೀರ. ಅದನ್ನ ಒಡೀಬೇಕು.

ಮೊದಲನೇದು, ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದು ಪಿಜಿಲಿರೋ ಹುಡುಗ್ರು. ರೂಮಲ್ಲಿ ಒಲೆ ಇಲ್ಲ, ಪಿಜಿ ಊಟ ಬಾಯಿಗೆ ಹತ್ತಲ್ಲ, ಇವರಿಗೆ ಬೇಕಾಗಿರೋದು ಕೆಡದೇ ಇರೋ ಕಡಕ್ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ ಪುಡಿ ಇಲ್ಲಾ ಅಗಸಿ ಚಟ್ನಿ, ಸಣ್ಣ ಪ್ಯಾಕು, ಕಡಿಮೆ ರೇಟು. ಆದ್ರೆ ಇಲ್ಲಿ ನಿಮ್ಮ ದೊಡ್ಡ ಕಾಂಪಿಟಿಟರ್ ಯಾವ ಬ್ರ್ಯಾಂಡೂ ಅಲ್ಲ, ಊರಲ್ಲಿರೋ ಅವ್ವ. ರಾತ್ರಿ ಬಸ್ಸಿಗೆ ಡಬ್ಬಿ ಕಟ್ಟಿ ಕಳಿಸ್ತಾಳೆ, ರೊಕ್ಕಾನೂ ಕೇಳಲ್ಲ. ಹಾಗಾಗಿ ಮಾರ್ಕೆಟ್ ಇರೋದು ಆ ಡಬ್ಬಿ ಖಾಲಿ ಆದ್ಮೇಲೆ ಮುಂದಿನ ಡಬ್ಬಿ ಬರೋವರೆಗೆ ಅಷ್ಟೇ.

ಎರಡನೇದು ಗಂಡ ಹೆಂಡ್ತಿ ಇಬ್ರೂ ಕೆಲಸಕ್ಕೆ ಹೋಗೋ ಮನೆ, ಅತ್ತೆ ಮಾವ ಜೊತೇಲಿದ್ದಾರೆ, ಹಿರಿಯರಿಗೆ ರಾತ್ರಿ ರೊಟ್ಟಿ ಇಲ್ಲದೆ ಊಟ ಆದಂಗೇ ಇಲ್ಲ, ಹಲ್ಲಿಗೆ ಕಡಕ್ ಆಗಲ್ಲ, ಮೆತ್ತಗಿರೋ ಬಿಸಿ ರೊಟ್ಟೀನೇ ಆಗ್ಬೇಕು. ರೊಟ್ಟಿ ಬಡಿಯೋಕೆ ಟೈಮಿಲ್ಲ, ಎಷ್ಟೋ ಜನಕ್ಕೆ ಬರೋದೂ ಇಲ್ಲ. ಇವರಿಗೆ ಬೇಕಾಗಿರೋದು ದಿನಾ ಸಂಜೆ ಏಳೂವರೆ ಒಳಗೆ ಮನೆ ಬಾಗಿಲಿಗೆ ಆರೇಳು ರೊಟ್ಟಿ. ಇದು ನಿಜವಾಗ್ಲೂ ರೊಟ್ಟಿ ಬಿಸಿನೆಸ್ ಅಲ್ಲ, ಡೆಲಿವರಿ ಬಿಸಿನೆಸ್ಸು, ಎರಡು ಮೂರು ಕಿಲೋಮೀಟರ್ ದಾಟಿದ್ರೆ ರೊಟ್ಟಿ ತಣ್ಣಗಾಗುತ್ತೆ, ಲೆಕ್ಕಾನೂ ತಪ್ಪುತ್ತೆ.

ಮೂರನೇದು ಶುಗರ್ ಇರೋರು, ಡಾಕ್ಟ್ರು ಅನ್ನ ಕಮ್ಮಿ ಮಾಡಿ ಅಂದಿರ್ತಾರೆ. ಇವರಲ್ಲಿ ಮೈಸೂರು ಮಂಡ್ಯ ಕಡೆಯೋರೂ ಇರ್ತಾರೆ, ಮುದ್ದೆ ಗೊತ್ತು ರೊಟ್ಟಿ ಅಷ್ಟಾಗಿ ಗೊತ್ತಿಲ್ಲ, ಯಾವುದರ ಜೊತೆ ತಿನ್ನೋದು ಅಂತಾನೂ ನೀವೇ ಹೇಳ್ಬೇಕು. ಲೇಬಲ್ ಪೂರ್ತಿ ಓದ್ತಾರೆ, ಗೋಧಿ ಬೆರೆಸಿದ್ರೆ ಕಂಡುಹಿಡೀತಾರೆ. ಇಲ್ಲೊಂದು ಎಚ್ಚರಿಕೆ, "ಶುಗರ್ ಹೋಗುತ್ತೆ" ಅಂತ ಪ್ಯಾಕೆಟ್ ಮೇಲೆ ಹಾಕೋ ಹಂಗಿಲ್ಲ, ಆಹಾರ ಮಾರೋರು ಕಾಯಿಲೆ ವಾಸಿಯಾಗುತ್ತೆ ಅಂತ ಹೇಳ್ಕೊಳ್ಳೋದು ಕಾನೂನಿಗೆ ವಿರುದ್ಧ.

ನಾಲ್ಕನೇದು ಫಾರಿನ್‌ಗೆ ಹೋಗೋರು. ಮಗಳು ಎಂಎಸ್ ಮಾಡೋಕೆ ಹೊರಟಿದಾಳೆ, ಅಪ್ಪ ಅಮ್ಮ ಸೂಟ್‌ಕೇಸ್ ತುಂಬ್ತಿದಾರೆ, ಆ ಹೊತ್ತಲ್ಲಿ ರೇಟ್ ಬಗ್ಗೆ ಚೌಕಾಸಿ ಮಾಡೋರು ಕಮ್ಮಿ. ಮುರೀಬಾರ್ದು, ಕಮಟು ವಾಸನೆ ಬರಬಾರ್ದು, ತಿಂಗಳುಗಟ್ಲೆ ಇರ್ಬೇಕು ಅಷ್ಟೇ. ತೊಂದ್ರೆ ಏನಂದ್ರೆ ವರ್ಷಕ್ಕೊಂದು ಸಲ ಕೊಳ್ತಾರೆ, ಮುಂದಿನ ವರ್ಷ ಮತ್ತೆ ಹೊಸಬ್ರನ್ನೇ ಹುಡುಕ್ಬೇಕು.

ಅದೇ ಜೋಳ, ಅದೇ ಗಿರಣಿ, ಅದೇ ಹಂಚು, ಬಿಸಿನೆಸ್ ಮಾತ್ರ ನಾಲ್ಕು. ಪ್ಯಾಕ್ ಬೇರೆ, ರೇಟ್ ಬೇರೆ, ಗಿರಾಕಿ ಸಿಗೋ ಜಾಗಾನೂ ಬೇರೆ. ನೀವು ಮಾಡ್ಬೇಕು ಅಂತಿರೋದು ರೊಟ್ಟಿ ಅಲ್ಲದೆ ಟ್ಯೂಷನ್ನೋ ಟೈಲರಿಂಗೋ ಆಗಿರ್ಬಹುದು, ಹೀಗೇ ಒಡೆದು ನೋಡಿ, ಒಂದೊಂದು ಗುಂಪಿಗೂ ಅವರ ಕಿರಿಕಿರಿ ಏನು ಅಂತ ಒಂದು ಸಾಲಲ್ಲಿ ಬರೆಯೋಕಾಗ್ಬೇಕು. ಬರೆಯೋಕಾಗ್ಲಿಲ್ಲ ಅಂದ್ರೆ ಆ ಗುಂಪು ನಿಮಗಿನ್ನೂ ಗೊತ್ತಿಲ್ಲ ಅಂತ.

ಕಿರಿಕಿರಿ ಎಲ್ಲಿ ಸಿಗುತ್ತೆ ಅಂದ್ರೆ, ಆನ್‌ಲೈನಲ್ಲಿ ಈಗ ಮಾರ್ತಿರೋ ರೊಟ್ಟಿ ಪ್ಯಾಕೆಟ್‌ಗಳ ರಿವ್ಯೂ ಓದಿ. ಐದು ಸ್ಟಾರ್ ಬಿಟ್ಬಿಡಿ, ಒಂದು ಸ್ಟಾರ್ ಕೊಟ್ಟೋರು ಸಿಟ್ಟಲ್ಲಿರ್ತಾರೆ, ಎರಡು ಮೂರು ಸ್ಟಾರ್ ಕೊಟ್ಟೋರು ಮಾತ್ರ ಏನು ಇಷ್ಟ ಆಯ್ತು ಏನು ಆಗ್ಲಿಲ್ಲ ಅಂತ ಬಿಡಿಸಿ ಬರೀತಾರೆ. "ಟೇಸ್ಟ್ ಓಕೆ, ಆದ್ರೆ ಅರ್ಧ ಪುಡಿಯಾಗಿ ಬಂತು" ಅನ್ನೋ ತರದ ಮಾತು ಮತ್ತೆ ಮತ್ತೆ ಕಂಡ್ರೆ ಅದನ್ನ ಬರೆದಿಟ್ಕೊಳ್ಳಿ. ಆಮೇಲೆ ಕಾಂಡಿಮೆಂಟ್ಸ್ ಅಂಗಡಿಯೋರನ್ನ ಮಾತಾಡ್ಸಿ, ಜನ ಇಲ್ಲದ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಹೋಗಿ, ಏನಾದ್ರೂ ತಗೊಂಡು ಮಾತು ತೆಗೀರಿ. ಯಾವ ಮಾಲು ಹೋಗುತ್ತೆ ಅಂತ ಮಾತ್ರ ಕೇಳ್ಬೇಡಿ, ಯಾವುದು ಉಳಿದು ವಾಪಸ್ ಹೋಗುತ್ತೆ, ಜನ ಏನು ಕೇಳಿ ಇಲ್ಲ ಅನ್ಸ್ಕೊಂಡು ಹೋಗ್ತಾರೆ, ಅದನ್ನ ಕೇಳಿ. ನನ್ನ ಅಭಿಪ್ರಾಯದಲ್ಲಿ ಈ ಕೊನೇ ಪ್ರಶ್ನೆಗೆ ಬರೋ ಉತ್ತರದ ಮುಂದೆ ಯಾವ ಮಾರ್ಕೆಟ್ ರಿಪೋರ್ಟೂ ನಿಲ್ಲಲ್ಲ.

ಜನ ಯಾವ ಪದ ಎಷ್ಟು ಹುಡುಕ್ತಾರೆ ಅಂತ ತೋರಿಸೋ ಗೂಗಲ್ ಟ್ರೆಂಡ್ಸೂ ನೋಡಿ, ಆದ್ರೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ, ರೊಟ್ಟಿ ಅಂತಾನೂ ಭಕ್ರಿ ಅಂತಾನೂ ಹಾಕಿ. ಹುಡುಕೋರು ಕಮ್ಮಿ ಇರೋ ಪದಕ್ಕೆ ಅದು ಸೊನ್ನೆ ತೋರಿಸುತ್ತೆ, ಅದಕ್ಕೆ ಹೆದರ್ಬೇಡಿ, ಬೇಕು ಅನ್ನೋರೆಲ್ಲಾ ಗೂಗಲಲ್ಲೇ ಹುಡುಕ್ತಾರೆ ಅಂತೇನಿಲ್ಲ, ಎಷ್ಟೋ ಜನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ "ಒಳ್ಳೆ ರೊಟ್ಟಿ ಮಾಡಿಕೊಡೋರು ಯಾರಾದ್ರೂ ಗೊತ್ತಾ" ಅಂತ ಕೇಳಿ ಮುಗಿಸ್ತಾರೆ.

ಇನ್ನು ಜನರನ್ನ ನೇರವಾಗಿ ಕೇಳೋ ವಿಷಯ, ಇಲ್ಲೇ ಬಹಳಷ್ಟು ಜನ ಏಮಾರೋದು. ನಮ್ಮ ಜನ ಮುಖದ ಮೇಲೆ ಇಲ್ಲ ಅನ್ನಲ್ಲ. "ಹಿಂಗೊಂದು ಶುರು ಮಾಡ್ಬೇಕು ಅಂತಿದೀನಿ, ತಗೋತೀರಾ?" ಅಂದ್ರೆ "ಓಹೋ, ಒಳ್ಳೇದು, ಮಾಡಿ ಮಾಡಿ, ನಾವಂತೂ ಇದ್ದೇ ಇದೀವಿ" ಅಂತಾರೆ, ಕಾಫೀನೂ ಕೊಡ್ತಾರೆ, ಆಮೇಲೆ ಒಂದು ಪ್ಯಾಕೂ ತಗೊಳ್ಳಲ್ಲ. ಅವರು ಸುಳ್ಳು ಹೇಳಿದ್ರು ಅಂತಲ್ಲ, ನೀವು ಕೇಳಿದ ರೀತಿಗೆ ಬೇರೆ ಉತ್ತರಾನೇ ಇಲ್ಲ. ಅದಕ್ಕೇ ಮುಂದಿನದನ್ನ ಬಿಟ್ಟು ಆಗಿಹೋದದ್ದನ್ನ ಕೇಳಿ: ಹೋದ ವಾರ ಮನೇಲಿ ರೊಟ್ಟಿ ಎಷ್ಟು ಸಲ ಆಯ್ತು, ಯಾರು ಮಾಡಿದ್ರು, ಹೊರಗಿಂದ ತಂದ್ರೆ ಎಲ್ಲಿಂದ, ಎಷ್ಟು ಕೊಟ್ರಿ, ಕೊನೇ ಸಲ ತಂದಾಗ ಏನು ಬೇಜಾರಾಯ್ತು. ಹೋದ ತಿಂಗಳು ಪೂರ್ತಿ ಒಂದು ಸಲಾನೂ ರೊಟ್ಟಿ ತಂದಿಲ್ಲ, ಅದರ ಬಗ್ಗೆ ಯೋಚ್ನೇನೂ ಮಾಡಿಲ್ಲ ಅನ್ನೋರು, ಎಷ್ಟೇ ಹೊಗಳಿದ್ರೂ, ನಿಮ್ಮ ಗಿರಾಕಿ ಅಲ್ಲ.

ಇಷ್ಟಾದ್ಮೇಲೆ ಅಡ್ವಾನ್ಸ್ ಕೇಳಿ. ಸಂಕೋಚ ಆಗುತ್ತೆ, ಆದ್ರೂ ಕೇಳಿ. "ಶನಿವಾರ ಮಾಡಿಸ್ತಿದೀನಿ, ಬೇಕಾದೋರು ಇವತ್ತೇ ಫೋನ್‌ಪೇ ಮಾಡಿ" ಅಂದಾಗ ಯಾರು ಕಳಿಸ್ತಾರೋ ಅವರದ್ದು ನಿಜವಾದ ಹೌದು. ಈ ಹಂತದಲ್ಲಿ ಲೋಗೋ ವೆಬ್‌ಸೈಟು ಏನೂ ಬೇಡ, ಒಂದೇ ಅಪಾರ್ಟ್‌ಮೆಂಟು ಇಲ್ಲಾ ಒಂದೇ ಏರಿಯಾ ಹಿಡೀರಿ. ಮೊದಲ ಆರ್ಡರ್ ನಂಬ್ಬೇಡಿ, ಅದು ಕುತೂಹಲಕ್ಕೋ ಸ್ನೇಹಕ್ಕೋ ಬಂದಿರುತ್ತೆ, ನೀವು ಮೆಸೇಜ್ ಹಾಕದೆ ತಾವಾಗೇ ಎರಡನೇ ಸಲ ಕೇಳೋರು ಎಷ್ಟು ಜನ ಅಂತ ಎಣಿಸಿ. ಸೀಸನ್ನೂ ನೋಡ್ಕೊಳ್ಳಿ. ಎಳ್ಳು ಅಮಾವಾಸ್ಯೆ, ಸಂಕ್ರಾಂತಿ ಹೊತ್ತಿಗೆ ಸಜ್ಜೆ ರೊಟ್ಟಿ ಯಾರು ಮಾಡಿದ್ರೂ ಹೋಗುತ್ತೆ, ಆ ಹದಿನೈದು ದಿನದ ಸೇಲ್ ನೋಡಿ ಕೆಲಸ ಬಿಡ್ಬೇಡಿ.

ಲೆಕ್ಕ ಹಾಕೋದು ಬೋರು, ಆದ್ರೆ ನೀಶ್ ಸಾಕಾ ಸಾಲಲ್ವಾ ಅಂತ ಗೊತ್ತಾಗೋದು ಅಲ್ಲೇ. ಪ್ಯಾಕಿಗೆ ಎಲ್ಲಾ ಖರ್ಚು ಕಳೆದು 30 ರೂಪಾಯಿ ಉಳಿಯುತ್ತೆ ಅಂತಿಟ್ಕೊಳ್ಳಿ. ಎಲ್ಲಾ ಖರ್ಚು ಅಂದ್ರೆ ರೊಟ್ಟಿ ಬಡಿಯೋ ಅಕ್ಕಂದಿರ ಕೂಲಿ, ಗ್ಯಾಸು, ಮುರಿದು ಹೋಗಿದ್ದು ಎಲ್ಲಾ ಸೇರಿ. ತಿಂಗಳಿಗೆ 30,000 ಬೇಕಂದ್ರೆ 1,000 ಪ್ಯಾಕ್ ಹೋಗ್ಬೇಕು, ಒಂದು ಮನೆ ತಿಂಗಳಿಗೆ 4 ಪ್ಯಾಕ್ ತಗೊಂಡ್ರೆ 250 ಮನೆ ಸಾಕು, ಅದೇ 250 ಮನೆ ವರ್ಷ ಪೂರ್ತಿ. ಫಾರಿನ್ ಗುಂಪಿನ ಲೆಕ್ಕ ಬೇರೆ. ಅಲ್ಲಿ ಪ್ಯಾಕಿಗೆ 100 ಉಳಿದ್ರೂ, ಒಬ್ಬೊಬ್ರು 10 ಪ್ಯಾಕ್ ತಗೊಂಡ್ರೂ, ವರ್ಷಕ್ಕೆ 360 ಹೊಸ ಗಿರಾಕಿಗಳು ಬೇಕು, ಅದೂ ಪ್ರತೀ ವರ್ಷ. ಎರಡೂ ಆಗೋ ಮಾತೇ, ಆದ್ರೆ ಮೊದಲನೇದಕ್ಕೆ ನೀವು ರುಚಿ ಕಾಪಾಡ್ಕೊಂಡ್ರೆ ಸಾಕು, ಎರಡನೇದಕ್ಕೆ ಯಾವಾಗ್ಲೂ ಮಾರ್ಕೆಟಿಂಗ್ ಮಾಡ್ತಾನೇ ಇರ್ಬೇಕು, ನಿಮ್ಮ ಸ್ವಭಾವಕ್ಕೆ ಯಾವುದು ಒಗ್ಗುತ್ತೆ ನೋಡ್ಕೊಳ್ಳಿ.

ಕೊರಿಯರ್ ಲೆಕ್ಕ ಬೇರೇನೇ ಹಾಕಿ. ರೊಟ್ಟಿ ಹಗುರ ಆದ್ರೆ ಜಾಗ ತಿನ್ನುತ್ತೆ, ಕೊರಿಯರ್‌ನೋರು ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ, ತಕ್ಕಡಿ ತೂಕಕ್ಕಿಂತ ಅದು ಜಾಸ್ತಿ ಬಂದ್ರೆ ಅದಕ್ಕೇ ಬಿಲ್ಲು. 30×30×20 ಬಾಕ್ಸ್ ಅಂದ್ರೆ 3.6 ಕೆಜಿ, ಒಳಗೆ ಒಂದೂವರೆ ಕೆಜಿ ಇದ್ರೂ ಅಷ್ಟೇ ದುಡ್ಡು. ಊರಲ್ಲೇ ಮಾಡಿಸಿ ಬೆಂಗಳೂರಿಗೆ ತರಿಸ್ತೀರಂದ್ರೆ ಬಸ್ ಪಾರ್ಸೆಲ್ಲೂ ವಿಚಾರಿಸಿ, ಕೆಎಸ್ಆರ್‌ಟಿಸಿ 2021ರಿಂದ ನಮ್ಮ ಕಾರ್ಗೋ ಅಂತ ನಡೆಸ್ತಿದೆ. ಎಷ್ಟು ದಿನ ಕೆಡದೆ ಇರುತ್ತೆ ಅನ್ನೋದನ್ನ ಅಂದಾಜಲ್ಲಿ ಪ್ರಿಂಟ್ ಮಾಡ್ಬೇಡಿ, ಲ್ಯಾಬಲ್ಲಿ ಟೆಸ್ಟ್ ಮಾಡಿಸಿ, ಆಹಾರದ ತಂತ್ರಜ್ಞಾನಕ್ಕೇ ಅಂತ ಮೈಸೂರಲ್ಲಿ ಸಿಎಫ್‌ಟಿಆರ್‌ಐ ಇದೆ.

ಕೆಲವರದ್ದು ಉಲ್ಟಾ ಕೇಸು, ವಸ್ತು ಕೈಲಿರುತ್ತೆ, ಕೊಳ್ಳೋರು ಹೋಗಿಬಿಟ್ಟಿರ್ತಾರೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ನೋಡಿ, ಇಳಕಲ್ ಸೀರೆಗೆ ಕುಪ್ಪಸ ಅಂತ ನೇಯ್ತಿದ್ದಿದ್ದು, ದಿನಾ ಇಳಕಲ್ ಉಡೋರು ಕಮ್ಮಿ ಆದಂಗೆ ಖಣಾನೂ ಇಳೀತು. ಈಗ ಅದೇ ಬಟ್ಟೇಲಿ ಕುರ್ತಾ, ಬ್ಯಾಗು, ಓಲೆ, ಬಾಗಿಲಿಗೆ ತೋರಣ ಎಲ್ಲಾ ಮಾಡ್ತಾರೆ, ಕೊಳ್ಳೋರಲ್ಲಿ ಎಷ್ಟೋ ಜನ ಇಳಕಲ್ ಉಟ್ಟೇ ಇಲ್ಲದ ಸಿಟಿ ಹುಡುಗೀರು. ಮನೇಲಿ ಹಳೇ ಕಸುಬು ಇರೋರು ಬೇರೆ ಐಡಿಯಾ ಹುಡುಕೋ ಮುಂಚೆ ಇದನ್ನ ಬೇರೆ ಯಾರಿಗೆ ಕೊಡಬಹುದು ಅಂತ ಒಂದು ಸಲ ನೋಡಿ.

ಸಬ್ಸಿಡಿ ನೋಡಿ ನೀಶ್ ಆರಿಸ್ಕೊಳ್ಳೋರೂ ಇದಾರೆ, ಅದು ನನಗೆ ಸರಿ ಕಾಣಲ್ಲ. ಸಣ್ಣ ಆಹಾರ ಘಟಕಗಳಿಗೆ ಅಂತ 2020ರಲ್ಲಿ ಕೇಂದ್ರ ತಂದ ಪಿಎಂಎಫ್‌ಎಂಇ ಸ್ಕೀಮಲ್ಲಿ ಶೇ. 35 ಸಬ್ಸಿಡಿ, ಗರಿಷ್ಠ 10 ಲಕ್ಷ ಅಂತಿಟ್ರು, ತಕ್ಷಣ ರೊಟ್ಟಿ ಮಷೀನ್ ತಗೊಂಡುಬಿಡೋಣ ಅನ್ಸುತ್ತೆ. ಆದ್ರೆ ಮಷೀನ್ ಬಂದ್ಮೇಲೆ ಗಿರಾಕಿ ಹುಡುಕೋಕೆ ಹೊರಟ್ರೆ ಸಾಲದ ಕಂತು ಕಾಯಲ್ಲ. 250 ಮನೆ ಮೊದಲು, ಮಷೀನ್ ಆಮೇಲೆ.

ಕಾಗದ ಪತ್ರ ಅಷ್ಟು ಕಷ್ಟ ಇಲ್ಲ. ತಿನ್ನೋ ವಸ್ತು ಆದ್ರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಅನುಮತಿ ಬೇಕೇ ಬೇಕು, ಮನೇಲಿ ಮಾಡಿದ್ರೂ ಬೇಕು, ಸಣ್ಣ ವ್ಯಾಪಾರಕ್ಕೆ ಬೇಸಿಕ್ ರಿಜಿಸ್ಟ್ರೇಷನ್ ಸಾಕು, ಅವರ ಫಾಸ್ಕಾಸ್ ಪೋರ್ಟಲಲ್ಲಿ ನೀವೇ ಮಾಡ್ಕೋಬಹುದು, 14 ಅಂಕಿಯ ನಂಬರ್ ಪ್ಯಾಕಿನ ಮೇಲೆ ಇರ್ಬೇಕು. ಸಣ್ಣ ಉದ್ಯಮಗಳಿಗೆ ಅಂತ ಸರ್ಕಾರ ಮಾಡೋ ಉದ್ಯಮ್ ರಿಜಿಸ್ಟ್ರೇಷನ್ ಫ್ರೀ, ಅದಕ್ಕೆ ದುಡ್ಡು ಕೇಳೋರು ಏಜೆಂಟ್‌ಗಳು. ಜಿಎಸ್‌ಟಿ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದ್ಮೇಲೆ, ಸರ್ವೀಸ್ ಆದ್ರೆ 20 ಲಕ್ಷ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ನೋರಿಗೆ ಯುಪಿಐ ಲೆಕ್ಕ ಹಿಡ್ಕೊಂಡು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಎಷ್ಟು ಗಲಾಟೆ ಆಯ್ತು ನೆನಪಿದ್ಯಲ್ಲ, ಮನೆ ದುಡ್ಡು, ಕೈಸಾಲ, ವ್ಯಾಪಾರ ಎಲ್ಲಾ ಒಂದೇ ಕ್ಯೂಆರ್‌ಗೆ ಬಿದ್ರೆ ಆಮೇಲೆ ಯಾವುದು ಯಾವುದು ಅಂತ ಬಿಡಿಸಿ ತೋರ್ಸೋದು ತಲೆನೋವು. ಶನಿವಾರದ ಆ ಮೊದಲ ಅಡ್ವಾನ್ಸ್ ತಗೊಳ್ಳೋಕೂ ಬೇರೆ ಅಕೌಂಟು, ಬೇರೆ ಕ್ಯೂಆರ್ ಇಟ್ಕೊಳ್ಳಿ.