ರಿಕವರಿ ತೆರೆಯುತ್ತಿಲ್ಲವೇ? ಮೊದಲು ಅದರ ವಿಳಾಸ ಸರಿಯಿದೆಯಾ ನೋಡಿ

ಅಕ್ಕನ ಮಗ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ. ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕಾದ ಹಿಂದಿನ ರಾತ್ರಿ ಅವನ ಲ್ಯಾಪ್‌ಟಾಪ್ ವಿಂಡೋಸ್ ಲೋಗೊ ತೋರಿಸಿ ಅಲ್ಲೇ ನಿಂತುಬಿಟ್ಟಿತು. "ಚಿಕ್ಕಮ್ಮ, ರಿಕವರಿಗೂ ಹೋಗ್ತಿಲ್ಲ" ಎಂದು ಫೋನ್ ಮಾಡಿದ. ದನಿಯಲ್ಲಿ ಅಳು ಇತ್ತು.

ಕಾರಣ ಆಮೇಲೆ ತಿಳಿಯಿತು. ಆರು ತಿಂಗಳ ಹಿಂದೆ ಅಂಗಡಿಯೊಂದರಲ್ಲಿ ಹಳೆ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದ. ಹಳೆಯದರಲ್ಲಿ ಇದ್ದದ್ದೆಲ್ಲ ಹೊಸದಕ್ಕೆ ಬಂದಿತ್ತು, ರಿಕವರಿ ಭಾಗವೂ ಬಂದಿತ್ತು. ಆದರೆ ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಹಳೆ ಡಿಸ್ಕಿನದ್ದೇ ಉಳಿದಿತ್ತು. ಮನೆ ಬದಲಾಯಿಸಿದ ಮೇಲೂ ಹಳೆ ಮನೆಗೇ ಕಾಗದ ಹೋಗುತ್ತಿದ್ದ ಹಾಗೆ.

ಡಿಸ್ಕಿನ ಬೇರೆ ಪಾರ್ಟಿಷನ್‌ನಲ್ಲಿ, ಅಂದರೆ ಬೇರೆಯಾಗಿ ವಿಂಗಡಿಸಿಟ್ಟ ಭಾಗದಲ್ಲಿ ಇರುವ ಈ ರಿಕವರಿ ಒಂದು ಪುಟ್ಟ ವಿಂಡೋಸ್. ಅಷ್ಟೂ ಒಂದೇ ಕಡತದಲ್ಲಿದೆ, ಹೆಸರು ವಿನ್‌ಆರ್‌ಇ ವಿಮ್. ದೊಡ್ಡ ವಿಂಡೋಸ್ ಕೆಟ್ಟಾಗ ಇದು ಎದ್ದು ರಿಪೇರಿಗೆ ನಿಲ್ಲಬೇಕು. ಏಳದಿದ್ದರೆ ಏನು ಮಾಡುವುದು? ಲ್ಯಾಪ್‌ಟಾಪ್ ಚೆನ್ನಾಗಿ ನಡೆಯುತ್ತಿರುವಾಗಲೇ ಇದನ್ನು ಒಮ್ಮೆ ನೋಡಿಡಿ. ಹತ್ತು ನಿಮಿಷದ ಕೆಲಸ.

ಬಾಗಿಲು ತಟ್ಟಿ ನೋಡಿ

ಶಿಫ್ಟ್ ಕೀಲಿ ಒತ್ತಿ ಹಿಡಿದು, ಸ್ಟಾರ್ಟ್ ಮೆನುವಿನ ರೀಸ್ಟಾರ್ಟ್ ಒತ್ತಿ. ನೀಲಿ ಪರದೆ ಬಂದು ಅದರಲ್ಲಿ ಟ್ರಬಲ್‌ಶೂಟ್ ಎಂಬ ಆಯ್ಕೆ ಕಂಡು, ಅದರೊಳಗೆ ಅಡ್ವಾನ್ಸ್‌ಡ್ ಆಪ್ಷನ್ಸ್ ಸಿಕ್ಕಿದರೆ ನಿಮ್ಮ ರಿಕವರಿ ಚೆನ್ನಾಗಿದೆ. ಕಂಟಿನ್ಯೂ ಒತ್ತಿ ವಾಪಸ್ ಬನ್ನಿ.

ವಿಂಡೋಸ್ ಶುರುವೇ ಆಗುತ್ತಿಲ್ಲ ಎಂದಾದರೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಆರಿಸಿ, ಮತ್ತೆ ಹಚ್ಚಿ. ಸಾಲಾಗಿ ಎರಡು ಸಲ ಶುರುವಾಗದೆ ಸೋತರೆ ವಿಂಡೋಸ್ ತಾನೇ ರಿಕವರಿಗೆ ಹೋಗಬೇಕು. ಚೆನ್ನಾಗಿ ನಡೆಯುವ ಯಂತ್ರದ ಮೇಲೆ ಸುಮ್ನೆ ಪರೀಕ್ಷೆಗೆ ಇದನ್ನು ಮಾಡಬೇಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ದಾರಿಯೂ ಇದೆ. ಹಚ್ಚಿದ ಕೂಡಲೇ ಎಚ್‌ಪಿಯಲ್ಲಿ ಎಫ್ 11, ಏಸರ್‌ನಲ್ಲಿ ಆಲ್ಟ್ ಜೊತೆ ಎಫ್ 10. ಲೆನೊವೊದ ಹಲವು ಮಾದರಿಗಳಲ್ಲಿ ಪಕ್ಕದಲ್ಲೊಂದು ಸಣ್ಣ ತೂತು ಇರುತ್ತದೆ, ಪಿನ್ ಚುಚ್ಚಬೇಕು.

ವಿಳಾಸ ಕೇಳುವುದು ಹೇಗೆ

ಇದೇ ಮುಖ್ಯ ಹಂತ, ನಿಧಾನವಾಗಿ ಮಾಡಿ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ರೈಟ್ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಇಂಗ್ಲಿಷಿನಲ್ಲಿ ಆರ್, ಇ, ಎ, ಜಿ, ಇ, ಎನ್, ಟಿ, ಸಿ – ಈ ಎಂಟು ಅಕ್ಷರ ಒತ್ತೊತ್ತಾಗಿ ಬರೆಯಿರಿ. ಒಂದು ಜಾಗ ಬಿಟ್ಟು, ಪ್ರಶ್ನೆ ಚಿಹ್ನೆಯ ಕೀಲಿಯಲ್ಲಿರುವ ಓರೆ ಗೆರೆ ಹಾಕಿ, ಅದಕ್ಕೆ ಅಂಟಿಸಿ ಇನ್ಫೋ ಎಂದು ಬರೆದು ಎಂಟರ್ ಕೊಡಿ. ಈ ಆಜ್ಞೆಯನ್ನು ಇಲ್ಲಿ ರೀಏಜೆಂಟ್‌ಸಿ ಎಂದು ಕರೆಯುತ್ತೇನೆ.

ಉತ್ತರದಲ್ಲಿ ಎರಡು ಸಾಲು ನೋಡಿದರೆ ಸಾಕು. ಸ್ಟೇಟಸ್ ಮುಂದೆ ಎನೇಬಲ್ಡ್ ಇದ್ದು, ಲೊಕೇಷನ್ ಮುಂದೆ ಡಿಸ್ಕ್ ಮತ್ತು ಪಾರ್ಟಿಷನ್ ಸಂಖ್ಯೆ ಇದ್ದರೆ ಎಲ್ಲ ಸರಿ. ಡಿಸೇಬಲ್ಡ್ ಎಂದಿದ್ದು ಲೊಕೇಷನ್ ಖಾಲಿ ಇದ್ದರೆ ವಿಂಡೋಸ್‌ಗೆ ತನ್ನ ರಿಕವರಿ ಎಲ್ಲಿದೆ ಎಂಬುದೇ ಗೊತ್ತಿಲ್ಲ. ಆಗ ಅದೇ ಆಜ್ಞೆಯಲ್ಲಿ ಇನ್ಫೋ ಬದಲು ಎನೇಬಲ್ ಎಂದು ಬರೆಯಿರಿ. ಎಷ್ಟೋ ಸಲ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಅದು ಹೇಳುವ ತಪ್ಪನ್ನು ಓದಿ. ಡಿಸ್ಕ್ ಬದಲಾಯಿಸಿದವರಿಗೆ ಬರುವ ತಪ್ಪಿಗೆ ಸಾಮಾನ್ಯವಾಗಿ ಹಳೆ ವಿಳಾಸವೇ ಕಾರಣ. ಸಿ ಡ್ರೈವ್, ವಿಂಡೋಸ್, ಸಿಸ್ಟಮ್ 32, ರಿಕವರಿ – ಹೀಗೆ ಒಳಗೆ ಹೋದರೆ ರೀಏಜೆಂಟ್ ಹೆಸರಿನ ಎಕ್ಸ್‌ಎಂಎಲ್ ಕಡತ ಇರುತ್ತದೆ. ವಿಳಾಸ ಬರೆದಿಟ್ಟ ಚೀಟಿ ಅದೇ. ಅಳಿಸಬೇಡಿ, ಹೆಸರಿಗೆ ಹಳೆಯದು ಎಂದೇನಾದರೂ ಸೇರಿಸಿ. ಮತ್ತೆ ಎನೇಬಲ್ ಆಜ್ಞೆ ಕೊಟ್ಟಾಗ ವಿಂಡೋಸ್ ಹೊಸ ಚೀಟಿ ಬರೆದುಕೊಳ್ಳುತ್ತದೆ. ನಮ್ಮ ಹುಡುಗನ ಲ್ಯಾಪ್‌ಟಾಪ್‌ನ ರಿಕವರಿ ಕೊನೆಗೆ ಸರಿಹೋದದ್ದು ಹೀಗೆಯೇ.

ಇಮೇಜ್ ಸಿಗುತ್ತಿಲ್ಲ ಎಂದು ಬಂದರೆ ವಿನ್‌ಆರ್‌ಇ ವಿಮ್ ಕಡತವೇ ಇಲ್ಲ ಎಂದರ್ಥ. ಅದು ಅಡಗಿಸಿಟ್ಟ ಕಡತ. ಹಾಗಾಗಿ ಕಾಣದ ಕಡತಗಳನ್ನೂ ತೋರಿಸುವ ಆಯ್ಕೆ ಹಾಕಿ ಅದೇ ಫೋಲ್ಡರಿನಲ್ಲಿ ಒಮ್ಮೆ ಹುಡುಕಿ. ನಿಜಕ್ಕೂ ಇಲ್ಲದಿದ್ದರೆ ಮೈಕ್ರೋಸಾಫ್ಟ್ ತಾಣದಿಂದ ನಿಮ್ಮ ಆವೃತ್ತಿಯದೇ ಐಎಸ್‌ಒ (ವಿಂಡೋಸ್ ಇನ್‌ಸ್ಟಾಲ್ ಮಾಡಲು ಬೇಕಾದ ಕಡತಗಳ ಗಂಟು) ಇಳಿಸಿ. ಅದರ ಸೋರ್ಸಸ್ ಫೋಲ್ಡರಿನಲ್ಲಿರುವ ಇನ್‌ಸ್ಟಾಲ್ ವಿಮ್ ಕಡತವನ್ನು ಗಂಟು ಬಿಚ್ಚುವ 7-ಜಿಪ್ ತಂತ್ರಾಂಶದಲ್ಲಿ ತೆರೆದರೆ, ಒಳಗೆ ಇದೇ ದಾರಿಯಲ್ಲಿ ಅದು ಸಿಗುತ್ತದೆ. ತಂದು ನಿಮ್ಮ ರಿಕವರಿ ಫೋಲ್ಡರಿಗೆ ಹಾಕಿ, ಎನೇಬಲ್ ಕೊಡಿ.

ಪಾರ್ಟಿಷನ್ನೇ ಇಲ್ಲದಿದ್ದರೆ?

ವಿಂಡೋಸ್ ಕೀಲಿ ಮತ್ತು ಎಕ್ಸ್ ಒಟ್ಟಿಗೆ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ, ಡಿ ಎಂಬಂಥ ಅಕ್ಷರವಿಲ್ಲದ, ರಿಕವರಿ ಪಾರ್ಟಿಷನ್ ಎಂದು ಬರೆದ ಸಣ್ಣ ಭಾಗ ಕಾಣಬೇಕು. ಸಿ ಡ್ರೈವ್‌ನಲ್ಲಿ ಜಾಗ ಸಾಲದೆಂದು ಎಷ್ಟೋ ಜನ ಇದನ್ನೇ ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಭಾಗ ತೀರಾ ಚಿಕ್ಕದಾಗಿದ್ದರೂ ತೊಂದರೆಯೇ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ರಿಕವರಿ ಅಪ್‌ಡೇಟ್ ಒಂದಕ್ಕೆ ಈ ಭಾಗದಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಇಲ್ಲದವರಿಗೆ ಅದು ಇನ್‌ಸ್ಟಾಲ್ ಆಗದೆ ಮತ್ತೆ ಮತ್ತೆ ಸೋಲುತ್ತಿತ್ತು. ಸಿ ಡ್ರೈವ್ ಕುಗ್ಗಿಸಿ ಪಾರ್ಟಿಷನ್ ದೊಡ್ಡದು ಮಾಡುವ ವಿಧಾನವನ್ನು ಮೈಕ್ರೋಸಾಫ್ಟ್ ಹೇಳಿಕೊಟ್ಟಿತ್ತು. ಆದರೆ ಅಲ್ಲಿ ಒಂದು ಸಂಖ್ಯೆ ತಪ್ಪಿದರೂ ಕಡತಗಳೆಲ್ಲ ಹೋಗುತ್ತವೆ. ಬ್ಯಾಕಪ್ ಇಲ್ಲದೆ ಕೈ ಹಾಕಬೇಡಿ. ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದರೆ ಇನ್ನೂ ಒಳ್ಳೆಯದು.

ಒಳಗೆ ಹೋದ ಮೇಲೆ ಬೀಗ

ನೀಲಿ ಪರದೆ ತಲುಪಿದವರನ್ನೂ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ, ಬಿಟ್‌ಲಾಕರ್, ತಡೆಯಬಹುದು. 48 ಅಂಕಿಗಳ ಕೀ ಕೇಳುತ್ತದೆ. ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ತಾನಾಗಿಯೇ ಬಿದ್ದಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಫೋನಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಡಿವೈಸಸ್ ವಿಭಾಗದಲ್ಲಿ ರಿಕವರಿ ಕೀ ಹುಡುಕಿ. ಪರದೆಯ ಮೇಲಿನ ಕೀ ಐಡಿಗೂ ಖಾತೆಯಲ್ಲಿನ ಐಡಿಗೂ ತಾಳೆ ಆಗಬೇಕು. ಆಫೀಸಿನ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗದವರನ್ನು ಕೇಳಿ. ಈಗಲೇ ಆ ಅಂಕಿಗಳನ್ನು ಕಾಗದದ ಮೇಲೆ ಬರೆದು, ರೇಷನ್ ಕಾರ್ಡ್ ಇಡುವ ಕಡೆ ಇಟ್ಟುಬಿಡಿ.

ಇನ್ನೊಂದು ವಿಚಿತ್ರ ತೊಂದರೆ ನೆನಪಿರಲಿ. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್ ಆದ ಮೇಲೆ ರಿಕವರಿ ಪರದೆಯಲ್ಲಿ ಯುಎಸ್‌ಬಿ ಮೌಸ್, ಕೀಬೋರ್ಡ್ ಕೆಲಸ ಮಾಡುತ್ತಿರಲಿಲ್ಲ. ಅದೇ ತಿಂಗಳ 20ರಂದು ಸರಿಪಡಿಸುವ ಅಪ್‌ಡೇಟ್ ಬಂತು. ಆ ಸಮಯದಿಂದ ಅಪ್‌ಡೇಟ್ ಮಾಡದೆ ಬಿಟ್ಟಿದ್ದರೆ ಈಗ ಮಾಡಿ.

ಏನೂ ತೆರೆಯದಿದ್ದಾಗ

ಬೇರೆಯವರ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ, 8 ಜಿಬಿಯ ಖಾಲಿ ಪೆನ್‌ಡ್ರೈವ್ ಒಂದನ್ನು ತಯಾರು ಮಾಡಿ. ಕೆಟ್ಟ ಲ್ಯಾಪ್‌ಟಾಪನ್ನು ಅದರಿಂದ ಬೂಟ್ ಮಾಡಿ, ಅಂದರೆ ಅದರಿಂದಲೇ ಶುರು ಮಾಡಿ, ಇನ್‌ಸ್ಟಾಲ್ ಒತ್ತದೆ ರಿಪೇರಿ ಆಯ್ಕೆ ಹಿಡಿಯಿರಿ. ಅದೇ ನೀಲಿ ಪರದೆ ಬರುತ್ತದೆ. ಇಂಟೆಲ್ 11ನೇ ಪೀಳಿಗೆ ಮತ್ತು ನಂತರದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕೇ ಕಾಣದಿರಬಹುದು. ಡಿಸ್ಕ್ ಕೆಟ್ಟಿದೆ ಎಂದು ಹೆದರಬೇಡಿ, ಇಂಟೆಲ್ ಸ್ಟೋರೇಜ್ ಡ್ರೈವರ್ ಸೇರಿಸಬೇಕಾಗಿರುತ್ತದೆ.

ಅವತ್ತು ರಾತ್ರಿ ಪಕ್ಕದ ಮನೆಯವರ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಮಾಡಿಸಿದೆ. ಪರದೆ ಬಂದ ಕೂಡಲೇ ರಿಪೇರಿಗೆ ಹೋಗಬೇಡ, ಮೊದಲು ರಿಪೋರ್ಟ್ ಎತ್ತಿಕೋ ಎಂದೆ. ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೋಟ್‌ಪ್ಯಾಡ್ ಎಂದು ಬರೆದರೆ ನೋಟ್‌ಪ್ಯಾಡ್ ತೆರೆಯುತ್ತದೆ. ಅದರ ಫೈಲ್ ಮೆನುವಿನ ಓಪನ್ ಒತ್ತಿ, ಕೆಳಗೆ ಆಲ್ ಫೈಲ್ಸ್ ಆರಿಸಿದರೆ ಡಿಸ್ಕಿನಲ್ಲಿರುವ ಕಡತಗಳು ಕಾಣುತ್ತವೆ, ಕಾಪಿ ಮಾಡಿ ಪೆನ್‌ಡ್ರೈವ್‌ಗೆ ಹಾಕಬಹುದು. ಇಲ್ಲಿ ಸಿ ಡ್ರೈವ್ ಬೇರೆ ಅಕ್ಷರದಲ್ಲಿ ಕಾಣಬಹುದು. ಅವನಿಗೆ ಡಿ ಎಂದು ಕಂಡಿತು. ರಾತ್ರಿ ಒಂದೂವರೆಗೆ ರಿಪೋರ್ಟ್ ಪೆನ್‌ಡ್ರೈವ್‌ನಲ್ಲಿತ್ತು. ಲ್ಯಾಪ್‌ಟಾಪ್ ರಿಪೇರಿ ಮಾಡಿದ್ದು ಮರುದಿನ ಮಧ್ಯಾಹ್ನ, ಊಟ ಆದ ಮೇಲೆ.