ಎಲೀನರ್‌ಗೆ ಮಾತು ಬರೆದದ್ದು

ಹದಿನೈದನೇ ಶತಮಾನದ ಇಂಗ್ಲೆಂಡಿನಲ್ಲಿ ಮಾಟದ ಆರೋಪಕ್ಕೆ ಸಿಕ್ಕ ಎಲೀನರ್ ಕಾಬಮ್ ಬಗ್ಗೆ ಏಕವ್ಯಕ್ತಿ ನಾಟಕ ಬರೆಯಲು ಕೂತಾಗ ನಾನು ಮೊದಲು ಬೇಡವೆಂದದ್ದು ಮಾಟದ ದೃಶ್ಯ. ಹೊಗೆ, ಮಂತ್ರ, ಮೇಣದ ಬೊಂಬೆ ರಂಗಕ್ಕೆ ಬಂದರೆ ನೋಡುವವರು ಅಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಮದುವೆಯಿಂದಲೇ ಶುರು ಮಾಡಿದೆ.

ಎಲೀನರ್ ಒಬ್ಬ ನೈಟ್‌ನ ಮಗಳು. ಗ್ಲಾಸ್ಟರ್‌ನ ಡ್ಯೂಕ್ ಹಂಫ್ರಿಯ ಹೆಂಡತಿ ಜಾಕ್ವೆಲಿನ್‌ಗೆ ಸಖಿಯಾಗಿದ್ದವಳು. 1428ರಲ್ಲಿ ಆ ಮದುವೆ ಅಸಿಂಧುವಾಯಿತು; ಹಂಫ್ರಿ ಎಲೀನರ್‌ಳನ್ನು ಕಟ್ಟಿಕೊಂಡ. 1435ರಲ್ಲಿ ಅವನ ಅಣ್ಣ ಬೆಡ್‌ಫರ್ಡ್‌ನ ಡ್ಯೂಕ್ ತೀರಿಕೊಂಡ. ಎಳೆಯ ದೊರೆ ಆರನೇ ಹೆನ್ರಿಗೆ ಇನ್ನೂ ಮದುವೆಯಾಗಿರಲಿಲ್ಲ. ಅವನ ನಂತರ ಪಟ್ಟ ಚಿಕ್ಕಪ್ಪ ಹಂಫ್ರಿಗೇ. ಆ ಮನೆಗೆ ಈಗ ವಾರಸುದಾರ ಬೇಕು, ಎಲೀನರ್‌ಗೆ ಮಗುವಿಲ್ಲ.

ಈ ಇಸವಿಗಳನ್ನು ಬರೆದು ಗೋಡೆಗೆ ಅಂಟಿಸಿಕೊಂಡ ಮೇಲೆ 1441ರ ಆರೋಪದ ಬೇರು ಕಂಡಿತು. ವಿದ್ವಾಂಸರಿಂದ ದೊರೆಯ ಜಾತಕ ನೋಡಿಸಿದಳು, ಅವನ ಸಾವು ಬಯಸಿದಳು ಎಂಬುದು ದೂರು. ರಾಜದ್ರೋಹವನ್ನು ಅವಳು ಅಲ್ಲಗಳೆದಳು. ಮಗುವಿಗಾಗಿ ಮಾರ್ಜರಿ ಜೋರ್ಡೆಮೇನ್ ಎಂಬ ಹೆಂಗಸಿನಿಂದ ಮದ್ದು ಪಡೆದದ್ದನ್ನು ಒಪ್ಪಿಕೊಂಡಳು. ಹಂಫ್ರಿಯನ್ನು ಕೆಡವಲು ಕಾಯುತ್ತಿದ್ದವರಿಗೆ ಅಷ್ಟು ಸಾಕಾಯಿತು ಎಂದೇ ನಾನು ನಂಬಿದ್ದೇನೆ.

ಅವಳು ಒಪ್ಪಿದ್ದನ್ನಷ್ಟೇ ಅವಳ ಬಾಯಲ್ಲಿ ಹೇಳಿಸಬೇಕು, ಉಳಿದ ಆರೋಪವೆಲ್ಲ ಪರದೆಯ ಹಿಂದಿನ ಗಂಡು ದನಿಗಳಲ್ಲಿ ಬರಬೇಕು ಎಂದು ಗಟ್ಟಿ ಮಾಡಿಕೊಂಡೆ. ಆ ಒಪ್ಪಿಗೆಯ ಮಾತಿಗೇ ಹೆಚ್ಚು ದಿನ ಹಿಡಿದದ್ದು. ನಾಟಕದ ಗ್ರಾಂಥಿಕ ಕನ್ನಡ ಅಲ್ಲಿ ನಿಲ್ಲಲೇ ಇಲ್ಲ. ಮಕ್ಕಳಾಗಲೆಂದು ನಾಟಿ ಮದ್ದಿಗೆ ಹೋಗಿ ಬಂದ ನಮ್ಮ ಕಡೆಯ ಹೆಂಗಸರು ಹೇಗೆ ದನಿ ತಗ್ಗಿಸಿ ಹೇಳುತ್ತಾರೋ ಹಾಗೆ ಬರೆದೆ: 'ಮಗು ಆಗಲಿ ಅಂತ ತಗೊಂಡೆ. ಬೇರೆ ಏನೂ ಬೇಡಿರಲಿಲ್ಲ.'

ಮಾರ್ಜರಿಯನ್ನು ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಸುಟ್ಟರು. ಡಚೆಸ್‌ಗೆ, ಅಂದರೆ ಡ್ಯೂಕನ ಹೆಂಡತಿ ಎಲೀನರ್‌ಗೆ, ಸಿಕ್ಕಿದ್ದು ಜೀವಾವಧಿ ಸೆರೆ. ಈ ತಾರತಮ್ಯ ಮುಚ್ಚಿಹೋಗಬಾರದೆಂದು ಮಾರ್ಜರಿಯ ಹೆಸರನ್ನು ಎಲೀನರ್‌ಳಿಂದಲೇ ಮತ್ತೆ ಮತ್ತೆ ಹೇಳಿಸಿದೆ. ನವೆಂಬರ್‌ನಲ್ಲಿ ಮೂರು ದಿನ, ಕೈಯಲ್ಲಿ ಮೇಣದ ಬತ್ತಿ ಹಿಡಿಸಿ ಲಂಡನ್ನಿನ ಚರ್ಚುಗಳಿಗೆ ಅವಳನ್ನು ನಡೆಸಿದ ಪ್ರಾಯಶ್ಚಿತ್ತಕ್ಕೆ ಮಾತು ಬರೆಯಲಿಲ್ಲ. ನಟಿ ಮೂರು ಸಲ ರಂಗ ದಾಟುತ್ತಾಳೆ. ಎಲೀನರ್ ಜೊತೆಗಿನ ಮದುವೆಯನ್ನು ಚರ್ಚ್ ಮುರಿದಾಗಲೂ ಹೆಂಡತಿಯನ್ನು ಉಳಿಸಿಕೊಳ್ಳಲಾಗದ ಹಂಫ್ರಿಗೆ ಒಂದೂ ಸಾಲು ಕೊಡಲಿಲ್ಲ.

1442ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು: ಡಚೆಸ್‌ನಂಥ ಕುಲೀನ ಹೆಂಗಸರ ಮೇಲೆ ರಾಜದ್ರೋಹದ ಆರೋಪ ಬಂದರೆ ಗಂಡು ಲಾರ್ಡುಗಳಂತೆ ಅವರನ್ನೂ ಲಾರ್ಡುಗಳೇ ವಿಚಾರಿಸಬೇಕು. ಎಲೀನರ್‌ಗೆ ಅದು ತಡವಾಗಿತ್ತು. 1452ರಲ್ಲಿ ವೇಲ್ಸ್‌ನ ಬೋಮಾರಿಸ್ ಕೋಟೆಯಲ್ಲಿ ಕೈದಿಯಾಗಿಯೇ ಸತ್ತಳು. ನಾಟಕದೊಳಗೆ ಈ ಕಾನೂನಿಗೆ ಜಾಗವಾಗಲಿಲ್ಲ. ಪ್ರದರ್ಶನ ಮುಗಿದ ಮೇಲಿನ ಚರ್ಚೆಯಲ್ಲಿ ನಾನೇ ಎದ್ದು ಹೇಳುತ್ತೇನೆ.