ಮೊದಲು ಬೋಲ್ಟ್ ಎಣಿಸಿದೆ, ಆಮೇಲೆ ಸ್ಪ್ಯಾನರ್ ಕೊಂಡೆ

ನನ್ನ ಮೊದಲ ಟೂಲ್ ಬಾಕ್ಸ್‌ನಲ್ಲಿ ನೂರಕ್ಕೂ ಹೆಚ್ಚು ಸಾಮಾನುಗಳಿದ್ದವು. ಮುಚ್ಚಳ ತೆರೆದರೆ ಬೋಲ್ಟಿನ ತಲೆಗೆ ಟೋಪಿಯಂತೆ ಕೂರುವ, ಸಾಲುಸಾಲಾಗಿ ಹೊಳೆಯುವ ಸಾಕೆಟ್‌ಗಳು. ನೋಡಿದರೆ ಸಾಕು, ಅರ್ಧ ಮೆಕ್ಯಾನಿಕ್ ಆದಂತೆ ಅನಿಸುತ್ತಿತ್ತು. ಎರಡು ವರ್ಷ ಕಳೆದ ಮೇಲೆ ನೋಡಿದರೆ ಅವುಗಳಲ್ಲಿ ಎಣ್ಣೆ ಮಸಿ ಹತ್ತಿದ್ದು ಹದಿನಾಲ್ಕಕ್ಕೆ ಮಾತ್ರ. ಉಳಿದವುಗಳಲ್ಲಿ ಅರ್ಧದಷ್ಟು ಇಂಚಿನ ಅಳತೆಯವು. ನನ್ನ ಬೈಕಿನಲ್ಲಿರುವುದೋ ಬರೀ ಮಿಲಿಮೀಟರ್ ಬೋಲ್ಟ್‌ಗಳು.

ಆ ಪೆಟ್ಟಿಗೆ ಕೈಕೊಟ್ಟದ್ದು ಎಂಜಿನ್ ಆಯಿಲ್ ಬದಲಿಸುವಾಗ. ಹಳೆ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟ್‌ಗೆ ಸಾಕೆಟ್ ಹಾಕಿ ಬಲ ಕೊಟ್ಟೆ, ಕಟಕ್ಕೆಂದು ಜಾರಿತು. ಇನ್ನೊಮ್ಮೆ ಒತ್ತಿದೆ, ಬೋಲ್ಟಿನ ಮೂಲೆಗಳು ಸವೆದು ದುಂಡಗಾದವು. ಸಾಕೆಟ್ಟಿನ ಒಳಗೆ ಇಣುಕಿದಾಗ ಕಾರಣ ತಿಳಿಯಿತು: ಅದು ಹನ್ನೆರಡು ಮೂಲೆಯದು. ಅಂಥದ್ದು ಬೋಲ್ಟನ್ನು ಮೂಲೆಯ ತುದಿಯಲ್ಲಷ್ಟೇ ಹಿಡಿಯುತ್ತದೆ. ಆರು ಮೂಲೆಯ ಸಾಕೆಟ್ ಆದರೆ ಮೂಲೆಯಿಂದ ಸ್ವಲ್ಪ ಒಳಗೆ, ಚಪ್ಪಟೆ ಬದಿಯ ಮೇಲೆ ಒತ್ತುತ್ತದೆ. ಕೊನೆಗೆ ಆರು ಮೂಲೆಯದೊಂದನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿ ಬೋಲ್ಟ್ ಬಿಚ್ಚಿದೆ. ಅಂದಿನಿಂದ ಹನ್ನೆರಡು ಮೂಲೆಯವನ್ನು ಮುಟ್ಟಿಲ್ಲ.

ಹೊಸದಾಗಿ ಕೊಳ್ಳುವ ಮೊದಲು ಒಂದು ಭಾನುವಾರ ನೋಟ್‌ಬುಕ್ ಹಿಡಿದು ಬೈಕಿನ ಪಕ್ಕದಲ್ಲಿ ಕುಳಿತೆ. ಏನನ್ನೂ ಬಿಚ್ಚಲಿಲ್ಲ. ನಾನು ನಿಜವಾಗಿಯೂ ಮಾಡುವ ಕೆಲಸಗಳನ್ನು ಮಾತ್ರ ಬರೆದುಕೊಂಡೆ: ಆಯಿಲ್, ಚೈನ್, ಬ್ರೇಕ್ ಪ್ಯಾಡ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ಯಾಟರಿ. ಪ್ರತಿ ಕೆಲಸದ ಮುಂದೆ ಅದರ ಬೋಲ್ಟಿನ ಅಳತೆ, ಅದರ ಮುಂದೆ ಕೈಯಾಡಲು ಎಷ್ಟು ಜಾಗವಿದೆ ಎಂಬುದು. ಈ ಕೊನೆಯ ಕಾಲಮ್ಮೇ ಹೆಚ್ಚು ಉಪಯೋಗಕ್ಕೆ ಬಂತು. ತಲೆಯ ಅಗಲ 10 ಮಿಲಿಮೀಟರ್ ಇರುವ ಒಂದೇ ಅಳತೆಯ ಬೋಲ್ಟ್ ಟ್ಯಾಂಕಿನ ಕೆಳಗೆ ಉದ್ದದ ಎಕ್ಸ್‌ಟೆನ್ಷನ್ ಕೇಳುತ್ತದೆ, ಬ್ಯಾಟರಿಯ ಬಳಿ ಗಿಡ್ಡ ಸ್ಪ್ಯಾನರ್ ಕೇಳುತ್ತದೆ.

ನನ್ನದು ಜಪಾನಿ ವಿನ್ಯಾಸದ ಬೈಕ್. ಪಟ್ಟಿಯಲ್ಲಿ ಬಂದದ್ದು 8, 10, 12, 14, 17; ತಲೆಯಲ್ಲಿ ಆರು ಮೂಲೆಯ ಗುಳಿ ಇರುವ ಬೋಲ್ಟಿಗೆ ಆಲೆನ್ ಕೀ 5 ಮತ್ತು 6; ಚಕ್ರಗಳ ಆಕ್ಸಲ್‌ಗೆ ಎರಡು ದೊಡ್ಡ ಸಾಕೆಟ್. 13 ಒಂದೂ ಇರಲಿಲ್ಲ. ಯುರೋಪಿನ ಬೈಕ್ ಆಗಿದ್ದರೆ 12ರ ಜಾಗದಲ್ಲಿ 13 ಬರುವುದೇ ಹೆಚ್ಚು. ಆದ್ದರಿಂದ ನನ್ನ ಪಟ್ಟಿಯನ್ನು ಯಾರೂ ನಕಲು ಮಾಡಬೇಡಿ. ಈ ಅಳತೆಗಳಿಗೆ ಒಂದು ತುದಿ ರಿಂಗ್, ಇನ್ನೊಂದು ತುದಿ ತೆರೆದ ಬಾಯಿ ಇರುವ ಸ್ಪ್ಯಾನರ್‌ಗಳನ್ನು ಬಿಡಿಬಿಡಿಯಾಗಿ ಕೊಂಡೆ. ರ‍್ಯಾಚೆಟ್ ಅಂದರೆ ಸಾಕೆಟ್ ಸಿಕ್ಕಿಸಿ ತಿರುಗಿಸುವ ಹಿಡಿ; ಸಾಕೆಟ್ ಕೂರುವ ಅದರ ಚೌಕ ತುದಿ 3/8 ಇಂಚಿನದು. ಆಕ್ಸಲ್ ನಟ್‌ಗೆ ಮಾತ್ರ ಉದ್ದನೆಯ ಹಿಡಿಯ ಬಾರ್, ಏಕೆಂದರೆ ರ‍್ಯಾಚೆಟ್ಟಿನ ಒಳಗಿನ ಸಣ್ಣ ಹಲ್ಲುಗಳನ್ನು ಮುರಿದುಕೊಳ್ಳುವ ಆಸೆ ನನಗಿಲ್ಲ.

ಸ್ಕ್ರೂಗಳ ವಿಷಯದಲ್ಲಿ ಬಹಳ ದಿನ ನನ್ನ ಕೈಯನ್ನೇ ಬೈದುಕೊಂಡಿದ್ದೆ. ಎಷ್ಟು ಒತ್ತಿ ಹಿಡಿದರೂ ಡ್ರೈವರ್ ಮೇಲೆದ್ದು ಸ್ಕ್ರೂವಿನ ತಲೆಯನ್ನು ತಿನ್ನುತ್ತಿತ್ತು. ತಪ್ಪು ಕೈಯದಲ್ಲ. ಜಪಾನಿ ಬೈಕಿನ ಪ್ಲಸ್ ಸ್ಕ್ರೂ ನೋಡಲು ಮಾಮೂಲಿ ಫಿಲಿಪ್ಸ್‌ನಂತೆಯೇ ಇದ್ದರೂ ಅದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ, ಬೇರೆ ಜಾತಿ. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ ಗುರುತಿಗೆಂದು ಒಂದು ಚಿಕ್ಕ ಚುಕ್ಕಿ ಇರುತ್ತದೆ. ಫಿಲಿಪ್ಸ್ ಡ್ರೈವರ್ ಅದರ ತಳದವರೆಗೆ ಕೂರುವುದಿಲ್ಲ. ಜೆಐಎಸ್ ತುದಿಯ ಎರಡನೇ ಮತ್ತು ಮೂರನೇ ನಂಬರಿನ ಡ್ರೈವರ್ ತಂದ ದಿನ, ವರ್ಷಗಳಿಂದ ಹಠ ಹಿಡಿದಿದ್ದ ಸ್ಕ್ರೂ ಸದ್ದಿಲ್ಲದೆ ತಿರುಗಿತು. ಇಷ್ಟು ಸಣ್ಣ ಖರ್ಚಿಗೆ ಇಷ್ಟು ಸಮಾಧಾನ ಬೇರೆ ಯಾವ ಉಪಕರಣವೂ ಕೊಟ್ಟಿಲ್ಲ.

ಎಷ್ಟು ಬಲದಿಂದ ಬಿಗಿಯಬೇಕೋ ಅಷ್ಟಕ್ಕೇ ಬಿಗಿಯಲು ನೆರವಾಗುವ ಟಾರ್ಕ್ ರೆಂಚ್ ಮನೆಗೆ ಬಂದದ್ದು ಇನ್ನೊಂದು ಪೆಟ್ಟು ತಿಂದ ಮೇಲೆ. ಸೋರಬಾರದೆಂದು ಡ್ರೈನ್ ಬೋಲ್ಟನ್ನು ಇನ್ನೊಂದು ಸುತ್ತು, ಇನ್ನರ್ಧ ಸುತ್ತು ಎಂದು ಬಿಗಿದೆ. ಇದ್ದಕ್ಕಿದ್ದಂತೆ ಸ್ಪ್ಯಾನರ್ ಹಗುರವಾಯಿತು. ಆ ಹಗುರವನ್ನು ಅನುಭವಿಸಿದವರಿಗೆ ಹೊಟ್ಟೆಯಲ್ಲಿ ಏನಾಗುತ್ತದೆಂದು ಗೊತ್ತು. ಬೋಲ್ಟ್ ಉಕ್ಕಿನದು, ಎಂಜಿನ್ ಕೇಸ್ ಅಲ್ಯೂಮಿನಿಯಂ. ಥ್ರೆಡ್, ಅಂದರೆ ಬೋಲ್ಟ್ ಕಚ್ಚಿಕೊಳ್ಳುವ ಸುರುಳಿ ಗೆರೆ, ಹೋಗಿದ್ದು ಕೇಸಿನದು. ಒಳಗೆ ಹೊಸ ಥ್ರೆಡ್ ಕೂರಿಸಬೇಕಾಯಿತು. ಸೋರಿಕೆ ತಡೆಯುವುದು ಬಿಗಿತವಲ್ಲ, ಹೊಸ ವಾಷರ್ ಎಂಬುದು ಆಮೇಲೆ ತಿಳಿಯಿತು.

ಟಾರ್ಕ್ ರೆಂಚ್ ಕೊಳ್ಳುವಾಗಲೂ ಮೊದಲು ಎಡವಿದೆ. ದೊಡ್ಡದನ್ನು ತಂದರೆ ಎಲ್ಲಕ್ಕೂ ಆಗುತ್ತದೆಂದುಕೊಂಡಿದ್ದೆ. ತಲೆಯಲ್ಲ, ಕಡ್ಡಿಯ ಭಾಗ 6 ಮಿಲಿಮೀಟರ್ ದಪ್ಪವಿರುವ ಬೋಲ್ಟ್‌ಗೆ ಸಾಮಾನ್ಯವಾಗಿ ಬೇಕಾಗುವುದು 10 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಆಸುಪಾಸು. ದೊಡ್ಡ ರೆಂಚ್ ಶುರುವಾಗುವುದೇ 20ರಿಂದ. ಅಳತೆಯ ಕೆಳತುದಿಯಲ್ಲಿ ಅದನ್ನು ಅಷ್ಟಾಗಿ ನಂಬುವಂತೆಯೂ ಇಲ್ಲ. ಈಗ 5ರಿಂದ 25ರವರೆಗಿನದು ಒಂದು, ಆಕ್ಸಲ್‌ಗಾಗಿ ದೊಡ್ಡದು ಒಂದು. ಸಣ್ಣದೇ ಹೆಚ್ಚು ದುಡಿಯುತ್ತದೆ. ಎರಡರಿಂದಲೂ ಬೋಲ್ಟ್ ಬಿಚ್ಚುವುದಿಲ್ಲ. ಕೆಲಸ ಮುಗಿದ ಮೇಲೆ ಸ್ಪ್ರಿಂಗಿನ ಮೇಲೆ ಭಾರ ಉಳಿಯದಂತೆ ಕನಿಷ್ಠ ಅಂಕಿಗೆ ಇಳಿಸಿಡುತ್ತೇನೆ.

ಇಕ್ಕಳ, ರಬ್ಬರ್ ಸುತ್ತಿಗೆ, ಆಲಿಕೆ, ಬ್ರಷ್ ಇವೆಲ್ಲ ಅಗ್ಗದವೇ ಸಾಕು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆಲೆನ್ ಬೋಲ್ಟಿನ ಗುಳಿಯಲ್ಲಿ ಕೂತ ಮಣ್ಣನ್ನು ತೆಗೆದೇ ಕೀ ಹಾಕುತ್ತೇನೆ. ಇಲ್ಲದಿದ್ದರೆ ಕೀ ಪೂರ್ತಿ ಇಳಿಯುವುದಿಲ್ಲ. ಅಡ್ಜಸ್ಟೆಬಲ್ ಸ್ಪ್ಯಾನರ್ ಈಗ ಬೈಕಿನ ಹತ್ತಿರ ಬರುವುದಿಲ್ಲ, ಮನೆಯ ನಲ್ಲಿ ಕೆಲಸಕ್ಕೆ ವರ್ಗವಾಗಿದೆ.

ಕಳೆದ ತಿಂಗಳು ಪಟ್ಟಿಗೆ ವಾಲ್ವ್ ಕ್ಲಿಯರೆನ್ಸ್, ಅಂದರೆ ಎಂಜಿನ್ನಿನ ವಾಲ್ವ್ ಬಳಿಯ ಸಣ್ಣ ಸಂದಿನ ಪರೀಕ್ಷೆ, ಸೇರಿಸಿ ಅದನ್ನು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ತಂದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಅಳೆಯಬೇಕು. ಎರಡು ಭಾನುವಾರವೂ ಬೆಳಿಗ್ಗೆ ಬೇರೆ ಕೆಲಸಕ್ಕೆಂದು ಬೈಕ್ ಓಡಿಸಿಬಿಟ್ಟೆ.